ಸಂಕಮ್ಮ, ಕರುತ್ತಮ್ಮ ಮತ್ತು ಅವ್ವ ಕೇಳಿದ ಆಣೆ

ಗೆಳೆಯರಾಗಿದ್ದವರು ಪ್ರೇಮಿಗಳಾಗುವ ಕತೆಗೆ ನಮ್ಮ ಕಡೆ ಓದುಗರ ಬರವಿಲ್ಲ. ಹಿಂದೆ ನಮ್ಮ ಅತ್ತೆ, ಚಿಕ್ಕಮ್ಮಂದಿರು ತ್ರಿವೇಣಿ, ಸಾಯಿಸುತೆ ಕಾದಂಬರಿಗಳನ್ನು ಒಬ್ಬರಿಂದೊಬ್ಬರು ಇಸಕೊಂಡು ರಟ್ಟು ಕಿತ್ತುಹೋಗುವವರೆಗೆ ಓದುತ್ತಿದ್ದರು. ಈಗ ಕೊಳ್ಳೇಗಾಲದಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಡಿಗ್ರಿ ಓದುವ ಹುಡುಗಿಯರು ಮೊಬೈಲಿನಲ್ಲಿ ಪ್ರತಿಲಿಪಿ ತೆರೆದುಕೊಂಡು ಕೂತಿರುತ್ತಾರೆ. ಅಲ್ಲಿನ ಧಾರಾವಾಹಿಗಳಲ್ಲಿ ಒಂದು ಜಾತಿಯೇ ಇದೆ. ಚಿಕ್ಕಂದಿನ ಗೆಳೆಯ, ಪಕ್ಕದ ಮನೆ, ಜಗಳ, ಮತ್ತೆ ರಾಜಿ, ಹತ್ತಿಪ್ಪತ್ತು ಕಂತು ಆದಮೇಲೆ ಇಬ್ಬರಿಗೂ ಒಟ್ಟಿಗೇ ಗೊತ್ತಾಗುವುದು: ಇದು ಬರೀ ಗೆಳೆತನ ಅಲ್ಲ ಅಂತ.

ನನಗೆ ಈ ಕತೆಗಳ ಮೇಲೆ ತಕರಾರಿಲ್ಲ. ನಾನೂ ಓದಿದ್ದೇನೆ. ಆದರೆ ಓದುವಾಗೆಲ್ಲ ಒಂದು ಅನುಮಾನ ಕಾಡುತ್ತದೆ. ಈ ಕತೆಯ ಎರಡನೇ ಭಾಗ, ಅಂದರೆ ಪ್ರೀತಿ, ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲೂ ನಡೆಯುತ್ತದೆ. ಅದು ಯಾರನ್ನೂ ಕೇಳಿಕೊಂಡು ಬರುವುದಿಲ್ಲ. ನಡೆಯಲು ಜಾಗವೇ ಇಲ್ಲದ್ದು ಮೊದಲನೇ ಭಾಗ. ಒಬ್ಬ ಹುಡುಗ, ಒಬ್ಬಳು ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹತ್ತು ನಿಮಿಷ ಮಾತಾಡಿದರೆ, ಅವರು ಮನೆ ಸೇರುವ ಮೊದಲು ಮಾತು ಮನೆ ಸೇರಿರುತ್ತದೆ. ಮೊದಲ ಕಂತಿನಲ್ಲೇ ಊರು ಕೊನೆಯ ಕಂತನ್ನು ಬರೆದುಬಿಡುತ್ತದೆ. ಗೆಳೆತನಕ್ಕೆ ನಮ್ಮಲ್ಲಿ ಪದ ಇದೆ. ಹೆಣ್ಣು ಗಂಡಿನ ನಡುವೆ ಆ ಪದವನ್ನು ಬಳಸುವ ಹಾಗಿಲ್ಲ, ಅಷ್ಟೇ.

ಈ ಜಾತಿಯ ಕತೆಗಳಿಗೆಲ್ಲ ಅಕ್ಕನಂತಿರುವ ಒಂದು ಕಾದಂಬರಿ ನಮ್ಮ ಪಕ್ಕದ ಭಾಷೆಯಲ್ಲಿದೆ. ತಕಳಿ ಶಿವಶಂಕರ ಪಿಳ್ಳೆಯವರ ‘ಚೆಮ್ಮೀನ್’. ಮಲಯಾಳದಲ್ಲಿ ಬಂದದ್ದು 1956ರಲ್ಲಿ. ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1965ರಲ್ಲಿ ರಾಮು ಕಾರಿಯಾಟ್ ಅದನ್ನು ಸಿನಿಮಾ ಮಾಡಿದರು. ರಾಷ್ಟ್ರಪತಿಗಳ ಚಿನ್ನದ ಪದಕ ಪಡೆದ ಮೊದಲ ದಕ್ಷಿಣ ಭಾರತದ ಚಿತ್ರ ಅದು. ತಕಳಿಯವರು ವೃತ್ತಿಯಲ್ಲಿ ವಕೀಲರು, ಆಲಪ್ಪುಳ ಕಡೆಯ ತಕಳಿ ಅನ್ನುವ ಹಳ್ಳಿಯವರು. 1984ರ ಜ್ಞಾನಪೀಠ ಅವರದ್ದು.

1956 ಅಂದರೆ ನಮಗೂ ಬೇರೆ ಲೆಕ್ಕವಿದೆ. ಅಲ್ಲಿವರೆಗೆ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ವರ್ಷದ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ಅದೇ ದಿನ ಕೇರಳ ಅನ್ನುವ ರಾಜ್ಯ ಹುಟ್ಟಿತು. ಗಡಿ ಗೆರೆಗಳು ಅತ್ತಿತ್ತ ಆದ ವರ್ಷ ಬಂದ ಕಾದಂಬರಿ ಇದು. ಅದರೊಳಗೆ ಇರುವುದೂ ಗೆರೆಗಳ ಕತೆಯೇ.

ಈ ಪುಸ್ತಕ ನನ್ನ ಕೈಗೆ ಬಂದದ್ದು ಪತ್ರಿಕೋದ್ಯಮ ಓದುವಾಗ. ಅನಿತಾ ನಾಯರ್ ಮಾಡಿದ ಇಂಗ್ಲಿಷ್ ಅನುವಾದ, 2011ರದ್ದು. ಕೊಟ್ಟವನು ನನ್ನ ಗೆಳೆಯ. ನಾವಿಬ್ಬರೂ ಪಿಯುಸಿಯಿಂದ ಒಂದೇ ಬಸ್ಸು. ನಾನು ಕೊಳ್ಳೇಗಾಲ ತಾಲ್ಲೂಕಿನ ಒಂದು ಹಳ್ಳಿಯವಳು. ಅವನು ಪಟ್ಟಣದವನು. ನಮ್ಮನೆಯಲ್ಲಿ ಹುಳ ಸಾಕುತ್ತೇವೆ, ಅಂದರೆ ರೇಷ್ಮೆ. ಅವರ ಮನೆಯವರು ಗೂಡು ಕೊಂಡು ನೂಲು ಬಿಚ್ಚುವವರು. ಅವನ ಜಾತಿ ಯಾವುದು, ನನ್ನದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ನಮ್ಮ ಮೂರು ತಾಲ್ಲೂಕಿನವರಿಗೆ ಬೀದಿ ಹೆಸರು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ. ಅದಕ್ಕೇ ಬೀದಿ ಹೆಸರೂ ಬೇಡ.

ಆಗ ನಾನು ಕಡಲು ಕಂಡಿರಲಿಲ್ಲ. ನಮ್ಮ ಕಡೆಯವರಿಗೆ ಕಡಲು ಬರುವುದು ಸಂತೆಗೆ, ಒಣಗಿಕೊಂಡು. ಒಣಮೀನಿನವರ ಮುಂದೆ ಗೋಣಿಚೀಲದ ಮೇಲೆ ಸೀಗಡಿ ರಾಶಿ ಬಿದ್ದಿರುತ್ತದೆ. ಅವ್ವ ಅದನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿ, ಮರಳು ಜಾಸ್ತಿ ಅಂತ ಚೌಕಾಸಿ ಮಾಡಿ ತರುತ್ತಾಳೆ. ತಲೆ ಬಾಲ ಮುರಿದು, ಹುರಿದು, ಬದನೆಕಾಯಿ ಜೊತೆ ಗೊಜ್ಜು ಮಾಡುತ್ತಾಳೆ. ಚೆಮ್ಮೀನ್ ಅಂದರೆ ಇದೇ ಸೀಗಡಿ. ಪದ ಬಿಡಿಸಿದರೆ ಕೆಂಪು ಮೀನು. ಕಾದಂಬರಿಯ ನಾಯಕ ಪರೀಕುಟ್ಟಿ ದಡದಲ್ಲಿ ಮೀನು ಕೊಂಡು, ಬೇಯಿಸಿ ಒಣಗಿಸಿ ಮಾರುವ ಸಣ್ಣ ವ್ಯಾಪಾರಿ. ಅವನಂಥವರು ಅಲ್ಲಿ ಒಣಗಿಸಿದ್ದೇ ಘಟ್ಟ ಹತ್ತಿ ನಮ್ಮಂಥವರ ಸಂತೆಗೆ ಬರುವುದು. ಹಾಗೆ ನೋಡಿದರೆ ಅವನು ನಮಗೆ ಅಷ್ಟೇನೂ ದೂರದವನಲ್ಲ.

ಕತೆ ಹೀಗಿದೆ. ಕರುತ್ತಮ್ಮ ಮೀನು ಹಿಡಿಯುವವರ ಮಗಳು. ಪರೀಕುಟ್ಟಿ ಮುಸ್ಲಿಂ ವ್ಯಾಪಾರಿಯ ಮಗ. ಕಡಲ ದಡದಲ್ಲಿ ಕಪ್ಪೆಚಿಪ್ಪು ಆರಿಸುತ್ತ ಒಟ್ಟಿಗೆ ಬೆಳೆದವರು. ಅವಳ ಅಪ್ಪ ಚೆಂಬನ್ ಕುಂಞುಗೆ ಸ್ವಂತ ದೋಣಿ, ಸ್ವಂತ ಬಲೆ ಬೇಕು. ಕೈಯಲ್ಲಿ ಕಾಸು ಸಾಲದು. ಪರೀಕುಟ್ಟಿ ಕೊಡುತ್ತಾನೆ. ದೋಣಿ ಬಂದಮೇಲೆ ಅಪ್ಪ ಮಾತಿಗೆ ತಪ್ಪುತ್ತಾನೆ. ಮೀನು ಅವನಿಗೆ ಮಾರುವುದಿಲ್ಲ, ಸಾಲ ಹೊತ್ತಿಗೆ ತೀರಿಸುವುದಿಲ್ಲ. ಪರೀಕುಟ್ಟಿಯ ವ್ಯಾಪಾರ ಮುಳುಗುತ್ತದೆ. ಕರುತ್ತಮ್ಮನನ್ನು ಪಳನಿ ಅನ್ನುವ ಅನಾಥ ಮೀನುಗಾರನಿಗೆ ಕೊಟ್ಟು ಮದುವೆ ಮಾಡುತ್ತಾರೆ. ಪಳನಿ ಒಳ್ಳೆಯವನು, ಗಟ್ಟಿಗ. ಆದರೆ ಊರಿನ ಮಾತು ಅವಳ ಹಿಂದೆಯೇ ಗಂಡನ ಊರಿಗೂ ಬರುತ್ತದೆ. ಅವಳ ಗಂಡನನ್ನು ಜೊತೆಗಾರರು ದೋಣಿಗೆ ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ. ಕೊನೆಗೆ ಒಂದು ರಾತ್ರಿ ಪರೀಕುಟ್ಟಿ ಬಂದು ಕರೆಯುತ್ತಾನೆ, ಅವಳು ಹೋಗುತ್ತಾಳೆ. ಅತ್ತ ಒಬ್ಬನೇ ಕಡಲಿಗೆ ಹೋದ ಪಳನಿ ದೊಡ್ಡ ಶಾರ್ಕಿಗೆ ಗಾಳ ಹಾಕಿ ಸುಳಿಗೆ ಸಿಕ್ಕುತ್ತಾನೆ. ಮೂವರೂ ಉಳಿಯುವುದಿಲ್ಲ. ಅವಳ ಮಗು ಉಳಿಯುತ್ತದೆ.

ಈ ಕತೆಯ ಬೆನ್ನೆಲುಬು ಪ್ರೀತಿಯಲ್ಲ, ಒಂದು ನಂಬಿಕೆ. ಕಡಲಿಗೆ ಹೋದ ಗಂಡ ಜೀವಂತ ತಿರುಗಿ ಬರಬೇಕಾದರೆ ದಡದಲ್ಲಿರುವ ಹೆಂಡತಿ ಪತಿವ್ರತೆಯಾಗಿರಬೇಕು. ಅವಳು ತಪ್ಪಿದರೆ ಕಡಲಮ್ಮ ಅವನನ್ನು ನುಂಗುತ್ತಾಳೆ. ಇದನ್ನು ಕರುತ್ತಮ್ಮನಿಗೆ ಹೇಳಿಕೊಡುವುದು ಅವಳ ತಾಯಿ ಚಕ್ಕಿ. ಮಗಳು ದೊಡ್ಡವಳಾಗಿದ್ದಾಳೆ, ಗೆಳೆಯನ ಜೊತೆ ನಗುನಗುತ್ತ ಮಾತಾಡುತ್ತಾಳೆ ಅಂತ ಕಂಡಾಗ ಹೇಳುತ್ತಾಳೆ. ಹೇಳುವುದು ಬೈಗುಳದ ಹಾಗಲ್ಲ, ಹೆದರಿಕೆಯಿಂದ. ಗಾಳಿ, ಅಲೆ, ಸುಳಿ, ಹಳೇ ದೋಣಿ, ದುರಾಸೆಯ ಅಪ್ಪ, ಇವೆಲ್ಲದರ ಹೊಣೆಯನ್ನು ಒಬ್ಬಳು ಹುಡುಗಿಯ ಮೈಮೇಲೆ ಹೊರಿಸುವ ಮಾತು ಅದು. ಅದನ್ನು ಹೊರಿಸುವವಳು ಅವಳನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವ ತಾಯಿ.

ಈ ಭಾಗ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಯಾಕೆಂದರೆ ನಮ್ಮವ್ವನೂ ಹೀಗೇ ಕೇಳಿದ್ದಳು.

ಮೈಸೂರಿನ ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ. ಬ್ಯಾಗಿಗೆ ಹುರಿಹಿಟ್ಟು, ಉಪ್ಪಿನಕಾಯಿ ಡಬ್ಬ ಇಡುತ್ತಿದ್ದ ಅವ್ವ ಇದ್ದಕ್ಕಿದ್ದಂತೆ ನನ್ನ ಕೈ ಹಿಡಕೊಂಡಳು.

“ಮಾದಪ್ಪನ ಮ್ಯಾಲ ಆಣ ಮಾಡು ಮಗ. ನಮ್ಮ ಮಾನ ಕಳಿಯಂಗೆ ನಡ್ಕೊಳಲ್ಲ ಅಂತ.”

ನಮ್ಮ ಕಡೆ ಮಾದಪ್ಪನ ಮೇಲಿನ ಆಣೆ ಅಂದರೆ ಸುಮ್ಮನೆ ಮಾತಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವರೂ ಬೆಟ್ಟದಲ್ಲಿ ಹೇಳುವುದಿಲ್ಲ ಅಂತ ಮಾತಿದೆ. ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅಷ್ಟರಲ್ಲಿ ಜಗಲಿ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ, ಅಪ್ಪನ ತಾಯಿ, ತಲೆ ಎತ್ತದೆ ಅಂದಳು:

“ಸಂಕಮ್ಮ ಕೊಟ್ಟಳಾ ಭಾಷೆಯ? ಕಟ್ಟಿಕೊಂಡ ಗಂಡ ಕೇಳುದ್ರೂ ಕೊಡ್ನಿಲ್ಲ. ನೀನ್ಯಾಕಮ್ಮಿ ಆ ಮಗಿನ ಕೇಳಿಯೆ?”

ಅವ್ವ ಕೈ ಬಿಟ್ಟಳು. ನಾನು ಆಣೆ ಮಾಡಲಿಲ್ಲ. ಡಬ್ಬದ ಮುಚ್ಚಳಕ್ಕೆ ಇನ್ನೊಂದು ಪ್ಲಾಸ್ಟಿಕ್ ಕವರ್ ಸುತ್ತಿ ಕಟ್ಟಿದಳು, ಎಣ್ಣೆ ಸೋರದಿರಲಿ ಅಂತ. ಅಲ್ಲಿಗೆ ಆ ಮಾತು ಮುಗಿಯಿತು.

ಹೊರಗಿನವರಿಗೆ ಸಂಕಮ್ಮನ ಕತೆ ಸ್ವಲ್ಪ ಹೇಳಬೇಕು. ಮಲೆ ಮಾದೇಶ್ವರ ಬೆಟ್ಟ ಈಗ ಹನೂರು ತಾಲ್ಲೂಕಿನಲ್ಲಿದೆ. ಮಾದೇಶ್ವರನ ಕತೆಯನ್ನು ಹಾಡುವವರು ಕಂಸಾಳೆಯವರು, ದೇವರಗುಡ್ಡರು. ಒಂದು ರಾತ್ರಿಗೆ ಮುಗಿಯುವ ಕತೆಯಲ್ಲ ಅದು. ಅದರ ಭಾಗಗಳನ್ನು ‘ಸಾಲು’ ಅನ್ನುತ್ತಾರೆ. ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಹೀಗೆ. ಅದರಲ್ಲಿ ಹೆಂಗಸರು ಕಣ್ಣೊರೆಸಿಕೊಂಡು ಕೇಳುವುದು ಸಂಕಮ್ಮನ ಸಾಲು. ಹಾಡುವವರ ಬಾಯಿಂದ ಬಾಯಿಗೆ ಸಣ್ಣಪುಟ್ಟದ್ದು ಬದಲಾಗುತ್ತದೆ, ತಿರುಳು ಒಂದೇ.

ಸಂಕಮ್ಮ ಕಾಡಿನ ಸೋಲಿಗರ ಹೆಣ್ಣು. ಅವಳ ಗಂಡ ನೀಲೇಗೌಡ. ಮಕ್ಕಳಿಲ್ಲ. ಗಂಡ ಕಾಡಿನೊಳಕ್ಕೆ ಹೊರಡುತ್ತಾನೆ, ಬಹಳ ದಿನ ತಿರುಗಿ ಬರುವುದಿಲ್ಲ. ಹೊರಡುವ ಮೊದಲು ಹೆಂಡತಿಯನ್ನು ಕೇಳುತ್ತಾನೆ: ನಾನು ಬರುವವರೆಗೆ ನೀನು ನೆಟ್ಟಗಿರುತ್ತೀ ಅಂತ ಭಾಷೆ ಕೊಡು. ಅವಳು ಕೊಡುವುದಿಲ್ಲ. ತಪ್ಪು ಮಾಡುವ ಮನಸ್ಸಿದೆ ಅಂತಲ್ಲ. ತಪ್ಪಿಲ್ಲದವಳ ಹತ್ತಿರ ಭಾಷೆ ಕೇಳುವುದೇ ತಪ್ಪು ಅಂತ. ಅವನು ಹಿಂಸೆ ಕೊಡುತ್ತಾನೆ. ಗುಡಿಸಲಲ್ಲಿ ಕಟ್ಟಿಹಾಕಿ ಹೋಗುತ್ತಾನೆ. ಆಮೇಲೆ ಮಾದಪ್ಪ ಜಂಗಮನಾಗಿ ಬಂದು ಅವಳನ್ನು ಬಿಡಿಸಿ, ಮಕ್ಕಳ ವರ ಕೊಡುತ್ತಾನೆ. ಅವಳ ಮಕ್ಕಳೇ ಕಾರಯ್ಯ, ಬಿಲ್ಲಯ್ಯ.

ನಾನು ಚಿಕ್ಕಂದಿನಿಂದ ಕೇಳಿದ್ದ ಈ ಕತೆಯನ್ನು ‘ಚೆಮ್ಮೀನ್’ ಓದಿದ ಮೇಲೆ ಬೇರೆ ರೀತಿ ಕೇಳಿಸಿಕೊಂಡೆ. ಅಲ್ಲಿ ಕಡಲು, ಇಲ್ಲಿ ಕಾಡು. ಎರಡೂ ಗಂಡು ಹೋದರೆ ಬರುತ್ತಾನೋ ಇಲ್ಲವೋ ಅನ್ನುವ ಜಾಗ. ಎರಡರಲ್ಲೂ ಮನೆಯಲ್ಲಿ ಉಳಿಯುವವಳ ನಡತೆಗೆ ಗಂಟು ಹಾಕುತ್ತಾರೆ. ವ್ಯತ್ಯಾಸ ಒಂದೇ. ಕರುತ್ತಮ್ಮ ಆ ಹೊರೆಯನ್ನು ತಲೆ ಮೇಲೆ ಹೊರುತ್ತಾಳೆ. ಅದು ನಿಜ ಅಂತ ನಂಬುತ್ತಾಳೆ, ನಂಬಿ ಹೆದರುತ್ತಾಳೆ, ಹೆದರಿ ಸೋಲುತ್ತಾಳೆ. ಸಂಕಮ್ಮ ಹೊರುವುದಿಲ್ಲ ಅನ್ನುತ್ತಾಳೆ. ಕಡಲ ಕತೆಯಲ್ಲಿ ದೇವರು ನಂಬಿಕೆಯ ಪರ. ನಮ್ಮ ಕಾಡಿನ ಕತೆಯಲ್ಲಿ ದೇವರು, ಭಾಷೆ ಕೊಡದವಳ ಪರ.

ಹಾಗಂತ ನಮ್ಮವರು ಮೇಲು, ಅವರು ಕೀಳು ಅಂತ ಹೇಳುತ್ತಿಲ್ಲ. ಸಂಕಮ್ಮನ ಸಾಲನ್ನು ರಾತ್ರಿಯಿಡೀ ಕೇಳಿ, ಬೆಳಗ್ಗೆ ಎದ್ದು ಮಗಳ ಮೊಬೈಲ್ ಕಿತ್ತುಕೊಳ್ಳುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕತೆಯಲ್ಲಿ ಕೈ ಮುಗಿಸಿಕೊಳ್ಳುವ ಹೆಣ್ಣು ಮನೆಯಲ್ಲಿ ಹುಟ್ಟಿದರೆ ಕಷ್ಟ. ಅಲ್ಲದೆ ಸಂಕಮ್ಮನಿಗೂ ಕೊನೆಗೆ ಬಿಡಿಸಲು ಒಬ್ಬ ದೇವರೇ ಬರಬೇಕಾಯಿತು. ದಿನಾ ಬೆಳಗಾದರೆ ಯಾರ ಮನೆಗೆ ಅಂತ ಬರುತ್ತಾನೆ ಮಾದಪ್ಪ?

ಯಳಂದೂರಿನ ಹೆಣ್ಣುಮಗಳೊಬ್ಬಳನ್ನೂ ಇಲ್ಲಿ ನೆನೆಯಬೇಕು. ಸಂಚಿ ಹೊನ್ನಮ್ಮ. ಯಳಂದೂರಿನವಳು, ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುವ ಕೆಲಸದಲ್ಲಿದ್ದವಳು. ಅರಮನೆಯಲ್ಲೇ ಓದು ಕಲಿತು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಹದಿಬದೆ ಅಂದರೆ ಪತಿವ್ರತೆ. ಹೆಸರು ನೋಡಿ ನಾನು ಬಹಳ ದಿನ ಆ ಪುಸ್ತಕ ಮುಟ್ಟಿರಲಿಲ್ಲ. ಗಂಡನಿಗೆ ಹೇಗೆ ನಡೆದುಕೊಳ್ಳಬೇಕು ಅಂತ ಉಪದೇಶ ಇರುತ್ತದೆ ಅಷ್ಟೇ ಅಂದುಕೊಂಡಿದ್ದೆ. ಅದೂ ಇದೆ. ಆದರೆ ಅದರ ನಡುವೆಯೇ, ಹೆಣ್ಣು ಅಂತ ಹೀಗಳೆಯುವವರನ್ನು ನಿಮ್ಮನ್ನು ಹೆತ್ತವಳು ಯಾರು, ಸಾಕಿದವಳು ಯಾರು ಅಂತ ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಮುನ್ನೂರು ವರ್ಷದ ಹಿಂದೆ ಅರಮನೆ ಒಳಗಿದ್ದುಕೊಂಡು ಹೇಳಬಹುದಾದಷ್ಟನ್ನು ಹೇಳಿದ್ದಾಳೆ. ಹೀಗೆ ನಮ್ಮ ಒಂದು ತಾಲ್ಲೂಕಿನಲ್ಲಿ ಪತಿವ್ರತೆಯ ಧರ್ಮ ಬರೆದವಳು, ಪಕ್ಕದ ತಾಲ್ಲೂಕಿನಲ್ಲಿ ಭಾಷೆ ಕೊಡದೆ ನಿಂತವಳು. ನಡುವೆ ನಾವು, ಕೊಳ್ಳೇಗಾಲದವರು, ಎರಡನ್ನೂ ಪೂಜಿಸಿಕೊಂಡು ಎರಡಕ್ಕೂ ಹೆದರಿಕೊಂಡು ಇದ್ದೇವೆ.

ಕಡಲಿಲ್ಲದಿದ್ದರೂ ಮೀನು ಹಿಡಿಯುವವರು ನಮ್ಮಲ್ಲೂ ಇದ್ದಾರೆ. ಕಾವೇರಿ ನಮ್ಮ ತಾಲ್ಲೂಕಿನ ಮಗ್ಗುಲಲ್ಲೇ ಹರಿಯುತ್ತದೆ. ಮುಳ್ಳೂರು, ದಾಸನಪುರ, ಹಳೇ ಹಂಪಾಪುರ, ಯಡಕುರಿಯ, ಸತ್ತೇಗಾಲ, ಅಲ್ಲಿಂದ ಮುಂದೆ ಶಿವನಸಮುದ್ರ. ಕೆಆರ್‌ಎಸ್‌ನಿಂದಲೂ ಕಬಿನಿಯಿಂದಲೂ ಒಟ್ಟಿಗೆ ನೀರು ಬಿಟ್ಟರೆ ಈ ಊರುಗಳಿಗೆ ನೀರು ನುಗ್ಗುತ್ತದೆ. 2018ರ ಆಗಸ್ಟಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ನುಗ್ಗಿತ್ತು. ಮುಂದೆ ಹನೂರು ತಾಲ್ಲೂಕಿನ ಅಂಚಿನಲ್ಲಿ ಇದೇ ನದಿ ತಮಿಳುನಾಡಿಗೂ ನಮಗೂ ಗಡಿಯಾಗಿ ಹೊಗೆನಕಲ್ ಕಡೆಗೆ ಹೋಗುತ್ತದೆ. ಅಲ್ಲಿ ತೆಪ್ಪದವರದ್ದೇ ಒಂದು ಲೋಕ.

ಕ್ಲಾಸಿನ ಒಂದು ಫೀಚರ್ ಲೇಖನಕ್ಕೆ ಅಂತ ನಾನು, ನನ್ನ ಗೆಳೆಯ ನದಿ ದಡದ ಮೀನುಗಾರರ ಹತ್ತಿರ ಹೋಗಿದ್ದೆವು. ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುವವರು. ತಲೆಯಲ್ಲಿ ಆ ಕಾದಂಬರಿ ಇತ್ತಲ್ಲ, ಬಲೆ ಬಿಡಿಸುತ್ತ ಕೂತಿದ್ದ ಒಬ್ಬ ಹೆಂಗಸನ್ನು ಕೇಳಿದೆ: ಗಂಡಸರು ನೀರಿಗೆ ಹೋದಾಗ ಮನೇಲಿ ಹೆಂಗಸರು ಏನಾದರೂ ನೇಮ ಮಾಡಬೇಕಾ ಅಕ್ಕ, ಹೀಗೆ ಇರಬೇಕು, ಹಾಗೆ ಇರಬೇಕು ಅಂತ?

ಆಕೆ ನನ್ನ ಮುಖ ನೋಡಿದಳು. “ನಾನೇ ತೆಪ್ಪದೊಳಗ ಇರ್ತೀನಿ ಕನವ್ವ. ದಡದಲ್ಲಿ ಕೂತು ನೇಮ ಮಾಡಾಳು ಯಾರು?”

ಹೌದಲ್ಲ! ತೆಪ್ಪ ಗುಂಡಗಿರುತ್ತದೆ. ಅದಕ್ಕೆ ಮುಂದು ಹಿಂದು ಇಲ್ಲ. ಒಬ್ಬರು ಹುಟ್ಟು ಹಾಕಿ ನಿಲ್ಲಿಸದಿದ್ದರೆ ಇದ್ದಲ್ಲೇ ತಿರುಗುತ್ತದೆ. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಬಲೆ ಬಿಡಬೇಕು. ಕೂಲಿಗೆ ಆಳಿಟ್ಟರೆ ಸಿಕ್ಕ ಮೀನಿನಲ್ಲಿ ಅವನಿಗೂ ಪಾಲು ಹೋಗುತ್ತದೆ. ಅದಕ್ಕೇ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಹೆಂಡತಿ ಹುಟ್ಟು ಹಾಕುತ್ತಾಳೆ, ಗಂಡ ಬಲೆ ಬಿಡುತ್ತಾನೆ. ತೆಪ್ಪ ಮಗುಚಿದರೆ ಇಬ್ಬರೂ ಮುಳುಗುತ್ತಾರೆ, ಮೀನು ಸಿಕ್ಕರೆ ಇಬ್ಬರೂ ಉಣ್ಣುತ್ತಾರೆ. ಇಲ್ಲಿ ನೀರಿನ ತಪ್ಪನ್ನು ಹೊರಿಸಲು ದಡದಲ್ಲಿ ಯಾರೂ ಉಳಿದಿಲ್ಲ. ಪತಿವ್ರತೆಯ ನಂಬಿಕೆ ಹುಟ್ಟುವುದಕ್ಕೆ ಕಡಲೊಂದೇ ಸಾಲದು, ಹೆಂಗಸನ್ನು ದಡದಲ್ಲಿ ಬಿಟ್ಟು ಹೋಗುವ ಕಸುಬೂ ಬೇಕು ಅಂತ ನನಗೆ ಅವತ್ತು ಅನ್ನಿಸಿತು.

ವಾಪಸ್ ಬರುವಾಗ ಬೈಕಿನಲ್ಲಿ ಅವನು ತುಂಬ ಹೊತ್ತು ಸುಮ್ಮನಿದ್ದು ಅಂದ: “ಆ ಅಕ್ಕ ಹುಟ್ಟು ಹಾಕಿದ್ ನೋಡ್ದಾ? ಮಾತೇ ಆಡ್ನಿಲ್ಲ ಇಬ್ರೂ. ಯಾವಾಗ ನಿಲ್ಲಿಸಬೇಕು ಅಂತ ಅವ್ಳಿಗ ಗೊತ್ತು.”

ನಮ್ಮ ಗೆಳೆತನ ಯಾವತ್ತು ಪ್ರೀತಿಯಾಯಿತು ಅಂತ ಕೇಳಿದರೆ ನನ್ನ ಹತ್ತಿರ ತಾರೀಖಿಲ್ಲ. ಧಾರಾವಾಹಿಗಳಲ್ಲಿ ಇರುವ ಹಾಗೆ ಮಳೆ ಬರಲಿಲ್ಲ, ಯಾರೂ ಜಾರಿ ಬೀಳಲಿಲ್ಲ. ಏಳು ವರ್ಷ ಒಂದೇ ಬಸ್ಸು, ಒಂದೇ ನೋಟ್ಸು, ಒಬ್ಬರ ಬರಹಕ್ಕೆ ಇನ್ನೊಬ್ಬರ ತಿದ್ದುಪಡಿ. ಅವನಿಗೆ ಒತ್ತಕ್ಷರ ತಪ್ಪುತ್ತದೆ, ನನಗೆ ಅಂಕಿಅಂಶ ತಪ್ಪುತ್ತದೆ. ಒಂದು ದಿನ ಮನೆಯಲ್ಲಿ ಗಂಡು ನೋಡುವ ಮಾತು ಬಂತು. ಆ ಸುದ್ದಿಯನ್ನು ಮೊದಲು ಅವನಿಗೆ ಹೇಳಬೇಕು ಅನ್ನಿಸಿತು. ಹೇಳಿದೆ. ಫೋನಿನ ಆ ಕಡೆ ಅವನು ಮಾತಾಡಲಿಲ್ಲ. ಈ ಕಡೆ ನಾನೂ ಮಾತಾಡಲಿಲ್ಲ. ಗೊತ್ತಾದದ್ದು ಹಾಗೆ. ಊರವರು ಏಳು ವರ್ಷದಿಂದ ಹೇಳುತ್ತಿದ್ದದ್ದು ಆಗ ನಿಜವಾಯಿತು. ಏಳು ವರ್ಷ ಅದು ಸುಳ್ಳಾಗಿತ್ತು ಅನ್ನುವುದನ್ನು ಈಗ ಯಾರೂ ನಂಬುವುದಿಲ್ಲ. ನನಗೆ ಹೆಚ್ಚು ನೋವಾಗಿರುವುದು ಇದಕ್ಕೇ. ನಮ್ಮ ಪ್ರೀತಿಯನ್ನು ಊರು ಒಪ್ಪದಿರಬಹುದು. ನಮ್ಮ ಗೆಳೆತನವನ್ನೂ ಹಿಂದಕ್ಕೆ ಹೋಗಿ ಅಳಿಸಿಹಾಕಿತು.

ನಾವಿಬ್ಬರೂ ವಯಸ್ಕರು, ಓದಿದವರು. ಕಾನೂನು ಏನು ಹೇಳುತ್ತದೆ ಅಂತ ಗೊತ್ತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಮನೆಯವರದ್ದಾಗಲಿ, ಕುಲದವರದ್ದಾಗಲಿ, ಪಂಚಾಯಿತಿಯದ್ದಾಗಲಿ ಅಪ್ಪಣೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿದೆ. 1954ರ ವಿಶೇಷ ವಿವಾಹ ಕಾಯ್ದೆ ಇದೆ. ಆದರೆ ಆ ಕಾಯ್ದೆಯಲ್ಲಿ ಮೊದಲು ನೋಟಿಸು ಕೊಡಬೇಕು. ಹೆಸರು, ವಿಳಾಸ, ವಯಸ್ಸು ಬರೆದ ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ತಕರಾರಿದ್ದವರು ಹೇಳಲಿ ಅಂತ 30 ದಿನ ಕಾಯಬೇಕು. ದೊಡ್ಡ ನಗರದಲ್ಲಿ ಆ ಬೋರ್ಡನ್ನು ಯಾರೂ ಓದುವುದಿಲ್ಲ. ನಮ್ಮಂಥ ಕಡೆ ಪಹಣಿಗೆ ಬಂದವನು, ಕ್ರಯಪತ್ರಕ್ಕೆ ಬಂದವನು, ಅವನ ಜೊತೆ ಸಾಕ್ಷಿಗೆ ಬಂದವನು, ಎಲ್ಲರೂ ಓದುತ್ತಾರೆ. ಕರುತ್ತಮ್ಮನಿಗೆ ಕಡಲ ದಡ ಇದ್ದ ಹಾಗೆ ನಮಗೆ ಆ ನೋಟಿಸ್ ಬೋರ್ಡು. 30 ದಿನ ಎಲ್ಲರ ಕಣ್ಣೆದುರು ನಿಂತಿರಬೇಕು.

ಓಡಿಹೋಗೋಣ ಅಂತ ಅವನು ಒಂದು ಸಲ ಅಂದ. ನಾನು ಬೇಡ ಅಂದೆ. ಓಡಿಹೋದರೆ ನಾನು ದಡದಲ್ಲಿ ಬಿಟ್ಟು ಹೋಗುವುದು ಅವ್ವನನ್ನು. ಆಮೇಲೆ ಊರಿನಲ್ಲಿ ಏನೇ ಕೆಟ್ಟದ್ದಾದರೂ, ತಮ್ಮನಿಗೆ ಹೆಣ್ಣು ಸಿಗದಿದ್ದರೂ, ಹುಳಕ್ಕೆ ರೋಗ ಬಂದು ಗೂಡು ಕಟ್ಟದಿದ್ದರೂ, ಅದರ ಹೊಣೆಯನ್ನು ಅವಳ ಮೇಲೆ ಹೊರಿಸುತ್ತಾರೆ. ಮಗಳನ್ನು ನೆಟ್ಟಗೆ ಬೆಳೆಸಲಿಲ್ಲ ಅಂತ. ಕಡಲಮ್ಮನ ಕೋಪ ಯಾವಾಗಲೂ ದಡದಲ್ಲಿ ಉಳಿದ ಹೆಂಗಸಿನ ಮೇಲೇ. ಹೇಳಿಯೇ ಮಾಡೋಣ, ಅವರು ಒಪ್ಪಲಿ ಬಿಡಲಿ, ಆದರೆ ನಮ್ಮ ಬಾಯಿಂದಲೇ ಮೊದಲು ಕೇಳಲಿ ಅಂತ ತೀರ್ಮಾನ ಮಾಡಿದೆವು.

ನೇರವಾಗಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಭಾನುವಾರ ಅವ್ವ ಮೊರದಲ್ಲಿ ಒಣ ಸೀಗಡಿ ಹಾಕಿಕೊಂಡು ತಲೆ ಬಾಲ ಮುರಿಯುತ್ತಿದ್ದಳು. ನಾನೂ ಪಕ್ಕ ಕೂತು ಮುರಿಯುತ್ತ, ಈ ಸೀಗಡಿ ಹೆಸರಿನದ್ದೇ ಒಂದು ಕತೆ ಇದೆ ಅಂತ ಶುರು ಮಾಡಿದೆ. ಮೊದಲಿಂದ ಕೊನೆವರೆಗೆ ಹೇಳಿದೆ. ಕಪ್ಪೆಚಿಪ್ಪು, ದೋಣಿ, ಸಾಲ, ಮದುವೆ, ಕಡಲಮ್ಮ, ಸುಳಿ, ಎಲ್ಲ. ಅವ್ವ ನಡುವೆ ಒಂದು ಸಲವೂ ಮಾತಾಡಲಿಲ್ಲ. ಮುಗಿದಮೇಲೆ ಕೇಳಿದ ಮೊದಲ ಪ್ರಶ್ನೆ ಪ್ರೀತಿಯದ್ದಲ್ಲ.

“ಆ ಹುಡುಗನ ದುಡ್ಡ ವಾಪಸ್ ಕೊಟ್ರಾ?”

ಅವ್ವ ಹೆಂಗಸರ ಸಂಘದಲ್ಲಿ ಹನ್ನೊಂದು ವರ್ಷದಿಂದ ಇದ್ದಾಳೆ. ವಾರದ ಕಂತು ಒಂದು ದಿನ ತಪ್ಪಿದರೂ ಅವಳಿಗೆ ನಿದ್ದೆ ಬರುವುದಿಲ್ಲ. ಹೊತ್ತಿಗೆ ಕೊಡಲಿಲ್ಲ ಅವ್ವ, ಅವನ ವ್ಯಾಪಾರವೇ ಮುಳುಗಿಹೋಯಿತು ಅಂದೆ.

“ಹಂಗಾದ್ರ ಕಡಲಮ್ಮ ಮುನೀಬೇಕಾದ್ದು ಆ ಅಪ್ಪನ ಮ್ಯಾಲ. ಮಗಳ ಮ್ಯಾಲ ಯಾಕ ಮುನಿದ್ಲು?”

ಎಂ.ಎ. ಓದಿ, ಟಿಪ್ಪಣಿ ಮಾಡಿಕೊಂಡು, ನಾನು ಇಷ್ಟುದ್ದ ಬರೆದು ಹೇಳುತ್ತಿರುವುದನ್ನು ಅವ್ವ ಒಂದು ಸಾಲಿನಲ್ಲಿ ಹೇಳಿ ಮೊರ ಕೇರಿದಳು. ಕಾದಂಬರಿಯಲ್ಲಿ ಕರುತ್ತಮ್ಮನಿಗೂ ಮೊದಲಿನಿಂದ ಚುಚ್ಚುವುದು ಇದೇ. ಆ ಸಾಲ ತೀರಿಸಿ ಅಂತ ಮನೆಯಲ್ಲಿ ಮತ್ತೆ ಮತ್ತೆ ಕೇಳುವವಳು ಅವಳು. ಪ್ರೀತಿಸಬಾರದು ಅನ್ನುವ ನಿಯಮ ಊರಿಗೆಲ್ಲ ಬಾಯಿಪಾಠ. ತೆಗೆದುಕೊಂಡದ್ದನ್ನು ಕೊಡಬೇಕು ಅನ್ನುವ ನಿಯಮ ಅವಳೊಬ್ಬಳಿಗೆ ನೆನಪಿರುತ್ತದೆ.

ಆಗ ನಾನು ಅವನ ಹೆಸರು ಹೇಳಿದೆ. ಅವ್ವ ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು.

“ಮೊದಲ್ನೇ ವರ್ಸ ಹಾಸ್ಟಲ್ ಫೀಸ್ ಕಟ್ಟದೋನು ಅವನೇ ಅಲ್ವಾ?”

ಆ ವರ್ಷ ಗೂಡಿನ ರೇಟು ಬಿದ್ದಿತ್ತು. ಕ್ಲಾಸಿನವರೊಬ್ಬರು ಕೊಟ್ಟರು, ಆಮೇಲೆ ಕೊಟ್ಟರಾಯಿತು ಅಂತ ಮನೆಯಲ್ಲಿ ಹೇಳಿದ್ದೆ. ಯಾರು ಅಂತ ಅಪ್ಪನೂ ಕೇಳಿರಲಿಲ್ಲ, ಅವ್ವನೂ ಕೇಳಿರಲಿಲ್ಲ. ಮುಂದಿನ ಬೆಳೆ ಗೂಡು ಮಾರಿದ ದಿನ ಅಪ್ಪ ದುಡ್ಡು ಎಣಿಸಿ ಕವರಿಗೆ ಹಾಕಿ, ಮೊದಲು ಇದು ಕೊಟ್ಟು ಬಾ ಅಂದಿದ್ದ. ಹೌದು ಅವ್ವ, ಅವನೇ ಅಂದೆ.

“ಗೊತ್ತಿತ್ತು ಕನ. ನಿಮ್ಮಪ್ಪಂಗೂ ಗೊತ್ತಿತ್ತು. ಅದಕ್ಕೇಯ ಅವತ್ತು ಬಡ್ಡಿ ಲೆಕ್ಕ ಹಾಕದೆ ಅಸಲಷ್ಟೇ ಕೊಟ್ಟಿದ್ದು. ಬಡ್ಡಿ ಕೊಟ್ರ ಬ್ಯಾರೆಯವ್ರು ಆಯ್ತಾರ ಅಂತ.”

ಇದಕ್ಕೆ ಒಪ್ಪಿಗೆ ಅಂತ ಅರ್ಥ ಮಾಡಿಕೊಳ್ಳಬೇಡಿ, ನಾನೂ ಮಾಡಿಕೊಂಡಿಲ್ಲ. ಅಪ್ಪ ಈಗ ಹತ್ತು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಅವನ ಮನೆಯಲ್ಲೂ ಅಷ್ಟೇ. ದೊಡ್ಡಪ್ಪನ ಮಕ್ಕಳು ಎರಡು ಸಲ ಬಂದು ಹೋಗಿದ್ದಾರೆ. ನೋಟಿಸು ಇನ್ನೂ ಕೊಟ್ಟಿಲ್ಲ. ಅಜ್ಜಿಗೆ ಈಗ ಕಿವಿ ಪೂರ್ತಿ ಮಂದ, ಯಾರು ಯಾಕೆ ಮಾತು ಬಿಟ್ಟಿದ್ದಾರೆ ಅಂತ ಅವಳಿಗೆ ಗೊತ್ತಿಲ್ಲ. ಅವ್ವ ಮಾತ್ರ ಆ ಭಾನುವಾರದ ನಂತರ ಆಣೆಯ ಮಾತು ಎತ್ತಿಲ್ಲ. ನಿನ್ನೆ ರಾತ್ರಿ ಮಲಗುವಾಗ ಒಂದೇ ಒಂದು ಕೇಳಿದಳು: “ಆ ಹುಡುಗಂಗ ಈಜು ಬತ್ತದಾ?”